ಕುಶಾಲಪ್ಪ ಸರ್ ಮತ್ತು ಮೂರು ಅಂಕಣ

ಕುಶಾಲಪ್ಪ ಸರ್ ಮುಂದೆ ಒಂದು ಸುದ್ದಿಯನ್ನು ಸುಮ್ಮನೆ ಹೇಳಿ ಮುಗಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಹೇಳುವವರ ಬಾಯಿ ಮುಚ್ಚುವ ಮೊದಲೇ ಸರ್ ಅವರ ಬಲಗೈಯ ಮೂರು ಬೆರಳು ಮೇಲೇಳುತ್ತಿದ್ದವು. "ಕಂಡದ್ದಾ? ಕೇಳಿದ್ದಾ? ಅನಿಸಿದ್ದಾ?" ಎಂದು ಒಂದೊಂದು ಬೆರಳನ್ನೂ ಮಡಿಸುತ್ತಾ ಕೇಳುತ್ತಿದ್ದರು. ಅಂಚೆಯವನು ನಾಳೆ ಬಸ್ ಇಲ್ಲವಂತೆ ಎಂದರೂ ಅದೇ ಪ್ರಶ್ನೆ. ಕ್ಯಾಂಟೀನಿನವನು ಹಾಲು ಒಡೆದಿದೆ ಎಂದರೂ ಅದೇ. ಒಮ್ಮೆ ಡಾಕ್ಟರು "ನಿಮಗೆ ಬಿಪಿ ಇದೆ" ಎಂದಾಗಲೂ ಬೆರಳು ಎತ್ತಿದರಂತೆ. ಡಾಕ್ಟರು ಮೆಷಿನ್ನನ್ನು ಇವರ ಕಡೆಗೆ ತಿರುಗಿಸಿ ತೋರಿಸಿದರು. "ಹಾಗಾದ್ರೆ ಸರಿ, ಕಂಡದ್ದು" ಎಂದು ಒಪ್ಪಿ ಮಾತ್ರೆ ನುಂಗಲು ಶುರುಮಾಡಿದರು.

ಈ ಪ್ರಶ್ನೆಗೆ ಹೆದರದಿದ್ದವರು ಅವರ ಹೆಂಡತಿ ಸೀತಮ್ಮಕ್ಕ ಒಬ್ಬರೇ. ಪಕ್ಕದ ಮನೆಯ ಜಗಳದ ಸುದ್ದಿ ಹೇಳುತ್ತಿರುವಾಗ ಮೂರು ಬೆರಳು ಎದ್ದರೆ, "ಅನ್ನ ಆರ್ತಾ ಉಟ್ಟು. ಅದು ಕಂಡದ್ದೇ. ಕೈ ತೊಳ್ಕೊಂಡು ಬನ್ನಿ" ಎಂದು ತಮ್ಮ ಅರೆಭಾಷೆಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಹೇಳಿ ಒಳಗೆ ಹೋಗುತ್ತಿದ್ದರು.

ಕುಶಾಲಪ್ಪ ಸರ್ ಪೊಲೀಸ್ ಇನ್ಸ್‌ಪೆಕ್ಟರ್. ನಾನು ಅವರ ಕಚೇರಿಯ ಟೈಪಿಸ್ಟ್. ನಮ್ಮದು ಗುಪ್ತ ಮಾಹಿತಿಯ ಒಂದು ಚಿಕ್ಕ ಘಟಕ. ಎಲ್ಲಿ ಗಲಾಟೆ ಹೊತ್ತಿಕೊಳ್ಳಬಹುದು, ಯಾವ ಮೆರವಣಿಗೆಗೆ ಎಷ್ಟು ಜನ ಸೇರಬಹುದು, ಊರಲ್ಲಿ ಓಡಾಡುವ ವದಂತಿ ಯಾವ ಅಂಗಡಿಯ ಬೆಂಚಿನಿಂದ ಎದ್ದು ಬಂತು ಎಂದು ಮೊದಲೇ ತಿಳಿದುಕೊಂಡು ಮೇಲಿನವರಿಗೆ ಬರೆದು ಕಳಿಸುವುದು ಕೆಲಸ. ಜನ ನಮ್ಮನ್ನು ಸಿಐಡಿ ಅನ್ನುತ್ತಾರೆ. ನಾವು ಸಿಐಡಿ ಅಲ್ಲ. ಆದರೆ ತಿದ್ದಿ ತಿದ್ದಿ ಸುಸ್ತಾಗಿ ಬಿಟ್ಟುಬಿಟ್ಟಿದ್ದೇವೆ.

ಮೊದಲ ದಿನ ನಾನು ಅವರ ಮುಂದೆ ನಿಂತಾಗ, "ಎಲ್ಲಿಯವಳಮ್ಮ ನೀನು?" ಎಂದು ಕೇಳಿದರು.

"ಪಾಲಿಬೆಟ್ಟ ಹತ್ತಿರ ಎಸ್ಟೇಟ್ ಲೈನು ಸರ್, ಕೂಲಿಯವರ ಸಾಲುಮನೆ. ಹೆಸರು ಸೆಲ್ವಿ. ಅಪ್ಪ ಅಮ್ಮ ಇಬ್ರೂ ತೋಟದ ಕೆಲಸ. ನಮ್ಮ ಕಡೆ ಡಿಗ್ರಿ ಮಾಡಿದ ಮೊದಲನೆಯವಳು ನಾನೇ."

ಮೂರು ಬೆರಳು ಎದ್ದವು. ಆಗ ನನಗೆ ಈ ಅಭ್ಯಾಸ ಗೊತ್ತಿರಲಿಲ್ಲ. ನಂಬುತ್ತಿಲ್ಲ ಎಂದುಕೊಂಡು ಸಿಟ್ಟು ಬಂತು. ಚೀಲದಿಂದ ಪದವಿ ಪ್ರಮಾಣಪತ್ರ ತೆಗೆದು ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು, ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದರು. ಕೆಳಗಿನ ಸಹಿಯನ್ನೂ ಓದಿದರು. ಆಮೇಲೆ ಅಷ್ಟೇ ಜೋಪಾನವಾಗಿ ಹಿಂದಿರುಗಿಸಿ, "ಕಂಡೆ" ಎಂದರು.

ಎಷ್ಟೋ ಕಡೆ ಆ ಹಾಳೆ ತೋರಿಸಿದ್ದೆ. ಎಲ್ಲರೂ ಅದರ ಮೂಲೆ ನೋಡಿ ಪಕ್ಕಕ್ಕೆ ತಳ್ಳಿದವರೇ. ಸರ್ಟಿಫಿಕೇಟ್ ಅಂದ್ರೆ ಬರೀ ಕಾಗದ ಎಂದು ದೊಡ್ಡ ಮನೆಯವರು ಕಾಫಿ ಕುಡಿಯುತ್ತಾ ಹೇಳುವುದನ್ನೂ ಕೇಳಿದ್ದೇನೆ. ಅವರ ಅಜ್ಜನ ಕಾಲದಿಂದಲೂ ಗೋಡೆಯ ಮೇಲೆ ಆ ಕಾಗದ ತೂಗುತ್ತಿರುತ್ತದೆ, ಅವರು ಹೇಳಬಹುದು. ಪಿಕ್ಕಿಂಗ್ ಸೀಸನ್ನಿನಲ್ಲಿ ರಜೆಯ ದಿನವೆಲ್ಲ ಅಮ್ಮನ ಜೊತೆ ಗಿಡದ ಬುಡದಲ್ಲಿ ನಿಂತು ಕಾಫಿ ಹಣ್ಣು ಕಿತ್ತು, ಕಪ್ಪಾದ ಉಗುರನ್ನು ಬೆಂಚಿನ ಕೆಳಗೆ ಮುಚ್ಚಿಟ್ಟುಕೊಂಡು ಓದಿದವಳಿಗೆ ಅದು ಬರೀ ಕಾಗದ ಅಲ್ಲ. ಅದನ್ನು ಎರಡು ಕೈಯಲ್ಲಿ ಹಿಡಿದ ಮೊದಲ ಅಧಿಕಾರಿ ಕುಶಾಲಪ್ಪ ಸರ್.

ನೋಡಲು ಅವರು ಅಧಿಕಾರಿಯಂತೆ ಇರಲಿಲ್ಲ. ಮೊಣಕೈವರೆಗೆ ಮಡಿಸಿದ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಸದಾ ಒಂದು ತುಂಡು ಬೆಲ್ಲ. ಹಾಲಿಲ್ಲದ ಕಾಫಿಗೆ ಆ ಬೆಲ್ಲ ಕಚ್ಚಿಕೊಂಡು ಕುಡಿಯುತ್ತಿದ್ದರು. ನಗು ದೊಡ್ಡದು, ವರಾಂಡದಲ್ಲಿ ನಕ್ಕರೆ ಗೇಟಿನ ಬಳಿಯ ಪಹರೆಯವನೂ ಕಾರಣ ಗೊತ್ತಿಲ್ಲದೆ ನಗುತ್ತಿದ್ದ. ಏನೇ ವರದಿ ಬರೆದರೂ ಮೊದಲ ಸಾಲು ಬಿಸಿಲು ಎಲ್ಲಿಂದ ಬೀಳುತ್ತಿತ್ತು ಎಂಬುದೇ. "ಬಿಸಿಲು ನಿನ್ನ ಕಣ್ಣಿಗೇ ಹೊಡೀತಿದ್ರೆ ನೀನು ನೋಡಿದ್ದು ಅರ್ಧ. ಅದನ್ನ ಮೊದಲೇ ಹೇಳಿಬಿಡಬೇಕು, ಓದುವವನಿಗೆ ಮೋಸ ಆಗಬಾರದು" ಎನ್ನುತ್ತಿದ್ದರು.

ಒಂದು ದಿನ ಮೇಲಿನಿಂದ ಆದೇಶ ಬಂತು. ಗುಪ್ತ ಮಾಹಿತಿ ಸಿಬ್ಬಂದಿಗೆ ಏನೇನು ಗೊತ್ತಿರಬೇಕು, ಏನೇನು ಮಾಡಲು ಬರಬೇಕು ಎಂದು ಹಂತ ಹಂತವಾಗಿ ಬರೆದು ಒಂದು ಸಾಮರ್ಥ್ಯ ಚೌಕಟ್ಟು ಮಾಡಬೇಕು. ಅದರ ಪ್ರಕಾರ ಪರೀಕ್ಷೆ ನಡೆಸಿ ಪಾಸಾದವರಿಗೆ ಅರ್ಹತಾ ಪ್ರಮಾಣಪತ್ರ ಕೊಡಬೇಕು. ಮೊದಲು ನಮ್ಮ ಘಟಕದಲ್ಲೇ ಪ್ರಯೋಗ ಆಗಲಿ, ಸರಿ ಕಂಡರೆ ಎಲ್ಲ ಕಡೆಗೂ. ಆ ಕೆಲಸ ಕುಶಾಲಪ್ಪ ಸರ್ ಪಾಲಿಗೆ ಬಂತು. ಅವರು ಹೇಳುವುದು, ನಾನು ಟೈಪು ಮಾಡುವುದು.

ಹಳೆಯ ಕಡತಗಳಲ್ಲಿ ಒಳ್ಳೆಯ ಸಿಬ್ಬಂದಿ ಎಂದರೆ 'ಚಾಣಾಕ್ಷ', 'ಸಮಯಪ್ರಜ್ಞೆ ಉಳ್ಳವನು', 'ಸೂಕ್ಷ್ಮಮತಿ' ಎಂದು ಬರೆದಿತ್ತು. ನಾನು ಅದನ್ನೇ ಅಂದವಾಗಿ ಟೈಪು ಮಾಡಿ ಕೊಟ್ಟೆ. ಅವರು ಒಂದೊಂದನ್ನೇ ಹೊಡೆದು ಹಾಕಿದರು.

"ಚಾಣಾಕ್ಷತನ ಯಾವ ಸೇರಲ್ಲಿ ಅಳೀತಿ ಮಾರಾಯ್ತಿ? ಸಾಹೇಬರಿಗೆ ಇಷ್ಟ ಆದವನು ಚಾಣಾಕ್ಷ, ಆಗದವನು ದಡ್ಡ. ಅಷ್ಟೇ ಆಗ್ತದೆ. ಮಾಡಿದ್ದು ಕಣ್ಣಿಗೆ ಕಾಣುವ ಹಾಗೆ ಬರಿ."

ಹಾಗೆ ಹುಟ್ಟಿದ ಮೊದಲ ಹಂತ ಇದು: 'ತಾನು ಕಂಡದ್ದು, ಕೇಳಿದ್ದು, ತನಗೆ ಅನಿಸಿದ್ದು, ಈ ಮೂರನ್ನು ಬೇರೆ ಬೇರೆ ಅಂಕಣದಲ್ಲಿ ಬರೆಯಬಲ್ಲನು.' ಇಷ್ಟೇನಾ ಎಂದು ನನಗೆ ಅನಿಸಿತ್ತು. ಅದರ ಕೆಳಗೆ ಅವರು ಒಂದು ನಿಯಮ ಸೇರಿಸಿದರು. 'ಅನಿಸಿದ್ದು ಒಂದೇ ಒಂದು ಸಲ ಕಂಡದ್ದರ ಅಂಕಣಕ್ಕೆ ಬಂದರೂ, ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಅಭ್ಯರ್ಥಿ ಅನುತ್ತೀರ್ಣ.' ಅದನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಕೊನೆಯಲ್ಲಿ ಇನ್ನೊಂದು ಸಾಲು ಹೇಳಿದರು, ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು: 'ಹುದ್ದೆ ಯಾವುದೇ ಇರಲಿ, ಪರೀಕ್ಷೆಯಲ್ಲಿ ಪಾಸಾದವರು ವಿಶ್ಲೇಷಕರ ಕೆಲಸಕ್ಕೆ ಅರ್ಹರು.'

ನನ್ನ ಬೆರಳು ನಿಂತಿತು. ಬಂದ ವರದಿಗಳನ್ನೆಲ್ಲ ಓದಿ, ತಾಳೆ ಹಾಕಿ, ಏನು ನಡೆಯುತ್ತಿದೆ ಎಂದು ಹೇಳುವವರು ವಿಶ್ಲೇಷಕರು. ಆ ಕುರ್ಚಿಯ ಹತ್ತಿರ ಟೈಪಿಸ್ಟ್ ಹೋಗುವುದು ಧೂಳು ಒರೆಸಲು ಮಾತ್ರ.

"ಸರ್, ಹುದ್ದೆ ಯಾವುದೇ ಇರಲಿ ಅಂದ್ರೆ..."

"ಕನ್ನಡ ಅರ್ಥ ಆಗ್ಲಿಲ್ವಾ? ಟೈಪ್ ಮಾಡು."

ಈ ಚೌಕಟ್ಟನ್ನು ಕಂಡರೆ ಆಗದವರು ಮಾದಪ್ಪ ಸರ್. ಅವರು ಹಿರಿಯ ಸಬ್ ಇನ್ಸ್‌ಪೆಕ್ಟರ್, ದೊಡ್ಡ ಮೀಸೆ, ಅಮ್ಮತ್ತಿಯಿಂದ ತಿತಿಮತಿವರೆಗೆ ಅವರಿಗೆ ಗೊತ್ತಿಲ್ಲದ ಮನೆ ಇಲ್ಲ. ಕುಶಾಲಪ್ಪ ಸರ್‌ಗೆ ಒಳ್ಳೆಯ ಸ್ನೇಹಿತರು. ಆದ್ದರಿಂದ ಬಾಯಿಗೆ ಬಂದದ್ದು ಹೇಳುವ ಹಕ್ಕಿತ್ತು.

"ಇದೆಲ್ಲ ಮೂಗಲ್ಲಿ ಇರಬೇಕು ಕುಶಾಲು. ಹುಟ್ಟುವಾಗಲೇ ಬರಬೇಕು. ಬೇಟೆ ನಾಯಿಗೆ ಯಾರಾದ್ರೂ ಸರ್ಟಿಫಿಕೇಟ್ ಕೊಡ್ತಾರಾ?"

"ಬೇಟೆ ನಾಯಿ ತಪ್ಪು ಮಾಡಿದ್ರೆ ಹಂದಿ ತಪ್ಪಿಸ್ಕೊಂಡು ಹೋಗ್ತದೆ ಮಾದಪ್ಪ. ನಾವು ತಪ್ಪು ಮಾಡಿದ್ರೆ ಮನುಷ್ಯ ಒಳಗೆ ಹೋಗ್ತಾನೆ."

"ನಿನ್ನ ಈ ಪರೀಕ್ಷೆ ನಡೆಯಲ್ಲ ನೋಡು. ನಮ್ಮ ಹುಡುಗರ ಮುಂದೆ ಮರ್ಯಾದೆ ಹೋಗ್ತದೆ. ಆಮೇಲೆ ನಿನ್ನ ಚೌಕಟ್ಟು ನೀರೊಲೆಗೆ."

ಕುಶಾಲಪ್ಪ ಸರ್ ಇಷ್ಟೊಂದು ಹಟ ಹಿಡಿದದ್ದು ಯಾಕೆ ಎಂದು ನಾನೇ ಒಮ್ಮೆ ಕೇಳಿದೆ. ಬೆಲ್ಲದ ತುಂಡು ಕಚ್ಚಿ, ನಗುತ್ತಲೇ ಶುರುಮಾಡಿದರು.

"ನಾನು ಹೊಸದಾಗಿ ಮಫ್ತಿಯಲ್ಲಿ ತಿರುಗುತ್ತಿದ್ದ ಕಾಲ. ಒಂದು ಎಸ್ಟೇಟ್. ಅಲ್ಲಿಯ ಲೈನಲ್ಲಿ ಒಬ್ಬನ ಮನೆಗೆ ಪ್ರತಿ ಭಾನುವಾರ ಗಂಡಸರು ಒಬ್ಬೊಬ್ಬರೇ ಹೋಗೋದು, ಬಾಗಿಲು ಹಾಕಿಕೊಳ್ಳೋದು, ಸ್ವಲ್ಪ ಹೊತ್ತಾದ ಮೇಲೆ ತಲೆಗೆ ಟವೆಲ್ ಸುತ್ಕೊಂಡು ಹೊರಗೆ ಬರೋದು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಏನೋ ನಡೀತಿದೆ ಸರ್ ಅಂದ. ನಾನು ಕಾಫಿ ಗಿಡದ ಸಂದಿಯಲ್ಲಿ ಕೂತು ನೋಡಿದೆ. ವರದಿ ಬರೆದೆ: ರಹಸ್ಯ ಸಭೆಗಳನ್ನು ನಡೆಸುತ್ತಿರುವುದು ಕಂಡುಬಂದಿರುತ್ತದೆ."

"ಏನು ನಡೀತಿತ್ತು ಸರ್?"

"ಕ್ಷೌರ!" ಎಂದು ಮೇಜು ತಟ್ಟಿದರು. "ಅವನು ಒಳ್ಳೆ ಕೈ ಇದ್ದವನು. ಲೈನಿನವರಿಗೆಲ್ಲ ಸುಮ್ಮನೆ ಕೂದಲು ಕತ್ತರಿಸಿ ಕೊಡ್ತಿದ್ದ. ಗಾಳಿಗೆ ಕೂದಲು ಪಕ್ಕದ ಮನೆ ಅಡಿಗೆಗೆ ಹಾರ್ತದೆ ಅಂತ ಬಾಗಿಲು ಹಾಕ್ತಿದ್ದ. ಹೋಗುವಾಗ ತಲೆ ತುಂಬ ಕೂದಲು ಇತ್ತು, ಬರುವಾಗ ಇರಲಿಲ್ಲ. ಎದುರಿಗೇ ಇದ್ದ ಅದೊಂದನ್ನ ಬಿಟ್ಟು ಬಾಕಿ ಎಲ್ಲ ನೋಡಿದ್ದೆ ನಾನು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, ಜೇಬಿನಲ್ಲಿ ಬೆಲ್ಲ ಹುಡುಕಿದರು. ಬಾಯಲ್ಲಿ ಇನ್ನೂ ಇತ್ತು.

"ಅವನನ್ನ ಠಾಣೆಗೆ ಕರೆಸಿ ಕೂರಿಸಿದ್ರು. ಬಿಟ್ರು, ಬಿಡದೆ ಏನು. ಆದರೆ ಎಸ್ಟೇಟಿನವರು ಕೆಲಸಕ್ಕೆ ಬರಬೇಡ ಅಂದ್ರು. ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋದ. ಎಲ್ಲಿಗೆ ಅಂತ ನಾನು ಆಮೇಲೆ ತುಂಬ ಕಡೆ ಕೇಳಿದೆ. ಸಿಕ್ಕಲಿಲ್ಲ. ಇಂಥ ಕೆಲಸದಲ್ಲಿ ಇದ್ದುಕೊಂಡೂ ನನಗೆ ಅವನೊಬ್ಬ ಸಿಕ್ಕಲಿಲ್ಲ ನೋಡು."

ಲೈನಿನಲ್ಲಿ ಹುಟ್ಟಿದವಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾರೋ ಬರೆದ ಒಂದು ಸಾಲಿನಿಂದ ಮನೆ ಖಾಲಿ ಮಾಡಿ ಪಾತ್ರೆ ಪಗಡೆ ಜೀಪಿಗೆ ಹೇರುವುದನ್ನು ನಮ್ಮ ಲೈನಿನಲ್ಲೂ ನೋಡಿದ್ದೇನೆ. ಅಂದಿನಿಂದ ಆ ನಿಯಮವನ್ನು ಟೈಪು ಮಾಡುವಾಗ ನನಗೆ ಅದು ಕಠಿಣ ಎಂದು ಅನಿಸಲಿಲ್ಲ.

ಪರೀಕ್ಷೆಯ ಮೊದಲ ತಂಡ ಅಮ್ಮತ್ತಿಯ ಸಂತೆ ದಿನ ಹೊರಟಿತು. ಅದರಲ್ಲಿ ನಾನೂ ಇದ್ದೆ. ಸಂತೆಯಲ್ಲಿ ಒಂದು ಗಂಟೆ ತಿರುಗಾಡಬೇಕು, ಯಾರನ್ನೂ ಏನೂ ಕೇಳಬಾರದು, ಆಮೇಲೆ ಬಂದು ಮೂರು ಅಂಕಣದಲ್ಲಿ ಬರೆಯಬೇಕು. ಎಲ್ಲರೂ ಗುರುತು ಸಿಗದ ಹಾಗೆ ಮಫ್ತಿಯಲ್ಲಿ ಬರಬೇಕು.

ಕೊಡಗಿನಲ್ಲಿ ಗುರುತು ಸಿಗದ ಹಾಗೆ ಇರುವುದು ಎಂದರೇನು ಎಂದು ಅವತ್ತು ನೋಡಬೇಕಿತ್ತು. ಹೆಡ್ ಕಾನ್‌ಸ್ಟೆಬಲ್ ನಂಜುಂಡಣ್ಣ ರೈತನ ವೇಷ ಎಂದು ಪಂಚೆ ಉಟ್ಟು ಬಂದಿದ್ದರು. ಕಾಲಲ್ಲಿ ಮಾತ್ರ ಇಲಾಖೆಯ ಕಂದು ಬೂಟು, ಮಿರಮಿರ ಪಾಲಿಶ್. ಸೊಪ್ಪು ಮಾರುವ ಅಜ್ಜಿ ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಸರ್, ಇವತ್ತು ಯೂನಿಫಾರ್ಮ್ ಒಗೆಯಕ್ಕೆ ಹಾಕಿದ್ರಾ?" ಎಂದು ಕೇಳಿದರು. ಒಣಮೀನಿನ ಅಂಗಡಿಯವನು ನನ್ನನ್ನು ಕಂಡು, "ಎಂತ ಸೆಲ್ವಿ, ಪರೀಕ್ಷೆ ಅಂತೆ? ಚೆನ್ನಾಗಿ ಬರೀ ಆಯ್ತಾ" ಎಂದು ಹರಸಿದ. ಎಲ್ಲಕ್ಕಿಂತ ದೊಡ್ಡ ಅನಾಹುತ ಎಂದರೆ, ಬೇರೆ ಬೇರೆ ಠಾಣೆಯಿಂದ ನಮ್ಮ ಘಟಕಕ್ಕೆ ಹೊಸದಾಗಿ ಬಂದಿದ್ದ ಇಬ್ಬರು ಅಭ್ಯರ್ಥಿಗಳು ಒಬ್ಬರಿಗೊಬ್ಬರು ಪರಿಚಯ ಇಲ್ಲದೆ, ಒಬ್ಬರ ಮೇಲೊಬ್ಬರು ಕಣ್ಣಿಟ್ಟು, ಇಡೀ ಗಂಟೆ ಒಬ್ಬರನ್ನೊಬ್ಬರು ಹಿಂಬಾಲಿಸಿದ್ದರು. ಇಬ್ಬರೂ ಹಿಂಬಾಲಿಸುವವರೇ ಆದ್ದರಿಂದ ಇಬ್ಬರೂ ಮೆಣಸಿನ ಅಂಗಡಿಯ ಸುತ್ತಲೇ ತಿರುಗುತ್ತಿದ್ದರು. ಇಬ್ಬರ ಹಾಳೆಯಲ್ಲೂ ಒಂದೇ ವಾಕ್ಯ: 'ಸದರಿ ವ್ಯಕ್ತಿಯ ಚಲನವಲನ ಅನುಮಾನಾಸ್ಪದವಾಗಿತ್ತು.'

ಅದನ್ನು ಓದಿ ಕುಶಾಲಪ್ಪ ಸರ್ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅನುಮಾನ ಅವನ ನಡಿಗೆಯಲ್ಲಿ ಇತ್ತಾ, ನಿನ್ನ ತಲೆಯಲ್ಲಿ ಇತ್ತಾ? ಅವನು ಎರಡು ಸಲ ಹಿಂದೆ ತಿರುಗಿ ನೋಡಿದ ಅಂತ ಬರಿ, ಸಾಕು" ಎಂದು ಇಬ್ಬರನ್ನೂ ಪಕ್ಕಪಕ್ಕ ಕೂರಿಸಿ ಕಾಫಿ ಕುಡಿಸಿದರು.

ಮೊದಲ ತಂಡದಲ್ಲಿ ಪಾಸಾದವರು ಕೆಲವರೇ. ನಾನು ಪಾಸಾಗಿದ್ದೆ. ಆದರೆ ಚೌಕಟ್ಟಿಗೆ ಮೇಲಿನವರ ಒಪ್ಪಿಗೆ ಸಿಕ್ಕಿದರೆ ಮಾತ್ರ ಆ ಪಾಸು ಪಾಸು. ಇಲ್ಲದಿದ್ದರೆ ನಾನು ಮತ್ತೆ ಟೈಪಿಸ್ಟ್, ಆ ಕುರ್ಚಿ ಮತ್ತೆ ಧೂಳು ಒರೆಸುವ ಕುರ್ಚಿ.

ಎರಡನೆಯ ತಂಡ ಹಿರಿಯರದು. ಇದನ್ನು ನೋಡಿ ತೀರ್ಮಾನಿಸಲು ಮೇಲಿನಿಂದ ಸಮಿತಿಯ ಅಧಿಕಾರಿಗಳು ಬರುವವರಿದ್ದರು. ಹಿರಿಯರಿಗೆ ಪರೀಕ್ಷೆ ಇಲ್ಲದೆ ಪ್ರಮಾಣಪತ್ರ ಕೊಟ್ಟುಬಿಡೋಣ ಎಂಬ ಮಾತು ಬಂತು. ಕುಶಾಲಪ್ಪ ಸರ್ ಒಪ್ಪಲಿಲ್ಲ. ಒಪ್ಪದಿದ್ದದ್ದಷ್ಟೇ ಅಲ್ಲ, "ನಾನೂ ಬರೀತೇನೆ" ಎಂದರು.

ಮಾದಪ್ಪ ಸರ್ ಹಣೆ ಚಚ್ಚಿಕೊಂಡರು. "ಪ್ರಶ್ನೆ ಮಾಡಿದವನೇ ಪರೀಕ್ಷೆ ಬರೆಯೋದಾ?"

"ಈ ಸಲ ಜಾಗ, ಹೊತ್ತು ಎಲ್ಲ ಸಮಿತಿಯವರೇ ಗೊತ್ತುಮಾಡಲಿ. ಹಾಳೆ ಮೇಲೆ ಹೆಸರು ಬೇಡ, ನಂಬರು ಸಾಕು. ಮೊದಲ ತಂಡದಲ್ಲಿ ಪಾಸಾದವರು ತಿದ್ದಲಿ. ನನ್ನದನ್ನೂ."

ಸಮಿತಿಯವರು ಮತ್ತೆ ಅಮ್ಮತ್ತಿಯ ಸಂತೆಯನ್ನೇ ಆರಿಸಿದರು. ಮರುದಿನ ತಿದ್ದುವವರಿಗೆ ಹಾಳೆಗಳನ್ನು ಹಂಚಿದರು. ನನ್ನ ಪಾಲಿಗೆ ಬಂದ ಕಟ್ಟಿನಲ್ಲಿ ಮೂರನೆಯ ಹಾಳೆ ತೆರೆದ ಕೂಡಲೇ ಮೊದಲ ಸಾಲು: 'ಬಿಸಿಲು ಎಡಗಡೆಯಿಂದ ಬೀಳುತ್ತಿತ್ತು.'

ಹೆಸರು ಯಾಕೆ ಬೇಕು? ನಮ್ಮ ಘಟಕದಲ್ಲಿ ಬಿಸಿಲಿನಿಂದ ವರದಿ ಶುರುಮಾಡುವವರು ಇನ್ನು ಯಾರಿದ್ದಾರೆ?

ಓದುತ್ತಾ ಹೋದೆ. ಎಂಥ ವರದಿ! ಕಿತ್ತಳೆ ಬುಟ್ಟಿಗಳ ಸಾಲು, ಅಂಗಡಿಯವರು ಕೊಡೆ ತಿರುಗಿಸಿಟ್ಟ ದಿಕ್ಕು, ಹೊರಗಿನ ನೋಂದಣಿಯ ಜೀಪು ನಿಂತ ಜಾಗ, ಎಲ್ಲವೂ ಕಣ್ಣಿಗೆ ಕಟ್ಟುವ ಹಾಗೆ. ಕಂಡದ್ದರ ಅಂಕಣ ಮುಗಿಯುವ ಹತ್ತಿರ ಈ ಸಾಲು ಬಂತು: 'ಮೀನಿನ ಅಂಗಡಿಯ ಗೋಡೆಗೆ ಒರಗಿ ನೀಲಿ ಅಂಗಿಯ ಒಬ್ಬ ವ್ಯಕ್ತಿ ಯಾರಿಗೋ ಕಾಯುತ್ತಿದ್ದನು.'

ನಾನು ಪೆನ್ನು ಕೆಳಗಿಟ್ಟೆ. ಕಾಯುವುದು ಕಣ್ಣಿಗೆ ಕಾಣುವುದಿಲ್ಲ. ನಿಂತಿರುವುದು ಕಾಣುತ್ತದೆ. ಇದನ್ನು ನಮಗೆ ಕಲಿಸಿದವರೇ ಅವರು. ಬೋರ್ಡಿನ ಮೇಲೆ ಚಾಕ್ ಮುರಿಯುವ ಹಾಗೆ ಒತ್ತಿ ಬರೆದು ಕಲಿಸಿದ್ದರು.

ಪಕ್ಕದ ಕೋಣೆಯಲ್ಲಿ ಸಮಿತಿಯವರಿಗೆ ಕಾಫಿ ಕೊಡುತ್ತಿದ್ದ ಸದ್ದು ಕೇಳುತ್ತಿತ್ತು. ಚೌಕಟ್ಟು ಬರೆದವರೇ ಅದರಲ್ಲಿ ಫೇಲಾದರು ಎಂದರೆ ಮೇಲಿನವರು ನಗುತ್ತಾರೆ, ಮಾದಪ್ಪ ಸರ್ ಹೇಳಿದ ಹಾಗೆ ನೀರೊಲೆಗೇ. ಅದರ ಜೊತೆ 'ಹುದ್ದೆ ಯಾವುದೇ ಇರಲಿ' ಎಂಬ ಸಾಲೂ ಉರಿಯುತ್ತದೆ, ನನ್ನ ಪಾಸೂ ಉರಿಯುತ್ತದೆ. ಪಾಸು ಮಾಡಿದರೆ? ಯಾರಿಗೂ ತಿಳಿಯುವುದಿಲ್ಲ. ಆದರೆ ಆಮೇಲೆ ನನಗೆ ಸಿಗುವ ಪ್ರಮಾಣಪತ್ರ ನಿಜವಾಗಿಯೂ ಬರೀ ಕಾಗದ. ಅದನ್ನು ಎರಡು ಕೈಯಲ್ಲಿ ಹಿಡಿಯಲು ನನಗೇ ಮನಸ್ಸು ಬರುವುದಿಲ್ಲ. ಬೆಂಚಿನ ಕೆಳಗೆ ಉಗುರು ಮುಚ್ಚಿಕೊಂಡು ಓದಿದ್ದು ಅದಕ್ಕಲ್ಲ.

'ಕಾಯುತ್ತಿದ್ದನು' ಎಂಬ ಪದದ ಕೆಳಗೆ ಕೆಂಪು ಗೆರೆ ಎಳೆದು, ಅನುತ್ತೀರ್ಣ ಎಂದು ಬರೆದೆ. ನನ್ನ ಅಕ್ಷರ ಅಷ್ಟು ಗುಂಡಗೆ ಹಿಂದೆಂದೂ ಬಂದಿರಲಿಲ್ಲ.

ಸಂಜೆ ಸಮಿತಿಯ ಮುಂದೆ ನಂಬರುಗಳನ್ನು ಬಿಡಿಸಿ ಹೆಸರು ಓದಿದರು. ಮಾದಪ್ಪ ಸರ್ ಪಾಸು. ಅವರು ಬರೆದದ್ದೇ ಸ್ವಲ್ಪ. ಅದು ಸಂಯಮವೋ ಸೋಮಾರಿತನವೋ ಎಂಬುದು ಮೂರನೆಯ ಅಂಕಣದ ವಿಷಯ. ಕುಶಾಲಪ್ಪ ಸರ್ ಹೆಸರು ಬಂದಾಗ ಓದುತ್ತಿದ್ದವರೇ ತೊದಲಿದರು. ಅನುತ್ತೀರ್ಣ ಎಂದು ಹೇಳಿ, ಕೆಂಪು ಗೆರೆ ಬಿದ್ದ ನೀಲಿ ಅಂಗಿಯ ಸಾಲನ್ನೂ ಓದಿದರು.

ಎದ್ದು ನಿಂತವರು ಮಾದಪ್ಪ ಸರ್. ಮೀಸೆ ನಡುಗುತ್ತಿತ್ತು.

"ಇದು ಅನ್ಯಾಯ! ಒಂದು ನಿಮಿಷ ಇರಿ" ಎಂದು ಫೋನು ಹಿಡಿದುಕೊಂಡು ಹೊರಗೆ ಹೋದರು. ಅವರಿಗೆ ಅಮ್ಮತ್ತಿಯಲ್ಲಿ ಗೊತ್ತಿಲ್ಲದವರು ಯಾರು? ಮೀನಿನ ಅಂಗಡಿಗೆ ಫೋನು ಮಾಡಿ, ವಿಚಾರಿಸಿ, ಗೆದ್ದ ಮುಖ ಮಾಡಿಕೊಂಡು ಒಳಗೆ ಬಂದರು. "ಆ ನೀಲಿ ಅಂಗಿಯವನು ನಿಜವಾಗ್ಲೂ ಕಾಯ್ತಿದ್ದ ಸರ್! ಗೋಣಿ ಎತ್ತುವಾಗ ಪ್ಯಾಂಟು ಹಿಂದೆ ಹರಿದು ಹೋಗಿದೆ. ಅವನ ಅಣ್ಣ ಮನೆಯಿಂದ ಪಂಚೆ ತರೋವರೆಗೆ ಗೋಡೆಗೆ ಬೆನ್ನು ಕೊಟ್ಟು ಕಾಯ್ತಿದ್ದ! ಕುಶಾಲು ಬರೆದದ್ದು ಸರಿ. ಪಾಸು ಮಾಡಿ!"

ಸಮಿತಿಯವರೂ ನಕ್ಕುಬಿಟ್ಟರು. ಸರಿ, ಹಾಗಾದರೆ ಬಿಡೋಣ ಎಂಬ ಗುಜುಗುಜು ಆಯಿತು. ಆಗ ಕುಶಾಲಪ್ಪ ಸರ್ ಎದ್ದರು. ಮುಖದಲ್ಲಿ ಬೇಸರ ಇರಲಿಲ್ಲ. ಯಾವುದೋ ಒಳ್ಳೆಯ ಸುದ್ದಿ ಕೇಳಿದವರ ಹಾಗೆ ಇದ್ದರು.

"ಮಾದಪ್ಪ, ಅವನ ಪ್ಯಾಂಟು ಹರಿದದ್ದು ನಾನು ಕಂಡಿಲ್ಲ. ಅಣ್ಣನನ್ನೂ ಕಂಡಿಲ್ಲ. ನನಗೆ ಅನಿಸಿತು, ಬರೆದೆ. ಸರಿಯಾಯ್ತು. ಅದು ನನ್ನ ಅದೃಷ್ಟ." ಆಮೇಲೆ ಸಮಿತಿಯ ಕಡೆ ತಿರುಗಿ, ನನಗೆ ಹೇಳಿದ್ದ ಆ ಭಾನುವಾರದ ಕ್ಷೌರದ ಕಥೆಯನ್ನು ಅಲ್ಲಿ ಹೇಳಿದರು. ಎಲ್ಲರೂ ನಕ್ಕರು, ಎಲ್ಲಿ ನಗು ನಿಲ್ಲಬೇಕೋ ಅಲ್ಲಿ ನಿಲ್ಲಿಸಿದರು. "ಅವತ್ತೂ ನನಗೆ ಇಷ್ಟೇ ಗ್ಯಾರಂಟಿ ಇತ್ತು ಸರ್. ಇದೇ ಕಣ್ಣು, ಇದೇ ಕೈ. ಇಷ್ಟು ವರ್ಷ ಆದ ಮೇಲೂ ಕೈ ತಪ್ಪಿತು ನೋಡಿ. ಅವತ್ತು ನನ್ನ ಹಾಳೆ ತಿದ್ದುವವರು ಯಾರೂ ಇರಲಿಲ್ಲ. ಇವತ್ತು ಇದ್ದಾರೆ. ನಾನು ಫೇಲಾದದ್ದಕ್ಕೆ ಈ ಪರೀಕ್ಷೆ ಬೇಡ ಅನ್ನೋದಾದ್ರೆ, ನಾನು ಫೇಲಾದದ್ದೂ ದಂಡ."

ಚೌಕಟ್ಟಿಗೆ ಒಪ್ಪಿಗೆ ಸಿಕ್ಕಿತು. 'ಹುದ್ದೆ ಯಾವುದೇ ಇರಲಿ' ಎಂಬ ಕೊನೆಯ ಸಾಲನ್ನೂ ಸೇರಿಸಿ. ಹೊರಗೆ ವರಾಂಡದಲ್ಲಿ ಮಾದಪ್ಪ ಸರ್ ಇನ್ನೂ ಗೊಣಗುತ್ತಿದ್ದರು. "ನಾನು ಪಾಸು, ನೀನು ಫೇಲು. ಇದನ್ನ ಮನೆಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ ಕುಶಾಲು?"

"ಬೇಟೆ ನಾಯಿಗೂ ಸರ್ಟಿಫಿಕೇಟ್ ಸಿಕ್ತಲ್ಲ, ತಗೊಂಡು ಹೋಗಿ ತೋರಿಸು" ಎಂದರು ಕುಶಾಲಪ್ಪ ಸರ್. ಗೇಟಿನ ಪಹರೆಯವನು ಎಂದಿನಂತೆ ಕಾರಣ ಗೊತ್ತಿಲ್ಲದೆ ನಕ್ಕ.

ಮತ್ತೆ ಪರೀಕ್ಷೆ ಬರೆಯಲು ಒಂದು ವರ್ಷ ಬಿಡಬೇಕು ಎಂದು ನಿಯಮ. ಅದೂ ಅವರೇ ಬರೆದದ್ದು. ಅಷ್ಟರಲ್ಲಿ ಅವರ ನಿವೃತ್ತಿ ಬಂತು. ಬೀಳ್ಕೊಡುಗೆಯ ದಿನ ಕಚೇರಿಯವರು ಗೌರವ ಪ್ರಮಾಣಪತ್ರ ಎಂದು ಒಂದನ್ನು ಕಟ್ಟು ಹಾಕಿಸಿ ತಂದಿದ್ದರು. ಸರ್ ಕೈಮುಗಿದು, "ಶಾಲು ಹಾಕಿ, ಹಾರ ಹಾಕಿ, ಬೇಡ ಅನ್ನಲ್ಲ. ಪಾಸಾಗದವನಿಗೆ ಅದೊಂದು ಕೊಡಬೇಡಿ" ಎಂದರು. ಅವತ್ತೇ ನನ್ನ ಪ್ರಮಾಣಪತ್ರವೂ ಬಂದಿತ್ತು. ಅದನ್ನು ಅವರ ಕೈಯಿಂದಲೇ ಕೊಡಿಸಿದರು. ಎರಡು ಕೈಯಲ್ಲಿ ಹಿಡಿದು, ಪೂರ್ತಿ ಓದಿ, ಸಹಿಯನ್ನೂ ಓದಿ, ಆಮೇಲೆ ಕೊಟ್ಟರು. ಕೊಡುವಷ್ಟರಲ್ಲಿ ಹಿಂದಿನ ಸಾಲಿನವರು ಆಕಳಿಸುತ್ತಿದ್ದರು. ಈಗ ಅದು ಲೈನಿನ ಮನೆಯಲ್ಲಿ ನನ್ನ ಡಿಗ್ರಿಯ ಪಕ್ಕ ಇದೆ. ಅಮ್ಮ ಓದಲಾರಳು. ಎರಡನ್ನೂ ದಿನಾ ಒರೆಸುತ್ತಾಳೆ.

ನಿವೃತ್ತಿಯ ಮೇಲೆ ಅವರು ತಿತಿಮತಿಯ ತಮ್ಮ ಮನೆಗೆ ಹೋದರು. ಕಾಡಿನ ಅಂಚು. ಕೊನೆಯ ಸಲ ನಾನು ಹೋದಾಗ ಸೀತಮ್ಮಕ್ಕ ಅಂಗಳದಲ್ಲೇ ಎದುರಾಗಿ, "ಬೆಳಿಗ್ಗೆ ಆನೆ ಬಂದಿತ್ತು ಸೆಲ್ವಿ, ನೋಡ್ಕೊಂಡು ಬಾ" ಎಂದರು.

ಜಗಲಿಯಿಂದ ಮೂರು ಬೆರಳು ಎದ್ದವು. "ಆನೆ ಕಂಡ್ಯಾ?"

"ಬಾಳೆ ಮುರಿದದ್ದು ಕಂಡೆ. ಅಷ್ಟು ದೊಡ್ಡ ಲದ್ದಿ ಕಂಡೆ. ಇನ್ನು ಅದು ಮೊಲ ಅಂತ ಬೇಕಾದ್ರೆ ನೀವು ಬರ್ಕೊಳ್ಳಿ" ಎಂದು ಸೀತಮ್ಮಕ್ಕ ಒಳಗೆ ಹೋದರು.

ಸರ್ ತೆಳ್ಳಗಾಗಿದ್ದರು. ಅಂಗಿಯ ತೋಳು ಮಡಿಸಿದರೂ ಜಾರುತ್ತಿತ್ತು. ನಗು ಮಾತ್ರ ಹಳೆಯದೇ. ಹಾಲಿಲ್ಲದ ಕಾಫಿ ಬಂತು. ಡಾಕ್ಟರು ಬೆಲ್ಲ ಬಿಡಿಸಿದ್ದರು. ಜೇಬಿನಲ್ಲಿ ಒಂದು ತುಂಡು ಇದ್ದೇ ಇತ್ತು.

"ಒಂದು ಕೇಳ್ತೇನೆ" ಎಂದರು. "ಬಿಸಿಲು ಎಡಗಡೆಯಿಂದ ಅಂತ ಬರೆದಿದ್ದವನು ನಾನೇ ಅಂತ ನಿನಗೆ ಗೊತ್ತಾಗಿತ್ತಲ್ವಾ?"

ಅದನ್ನು ತಿದ್ದಿದವಳು ನಾನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಗುಂಡಗಿನ ಅಕ್ಷರ ಅವರಿಗೆ ಗೊತ್ತಿಲ್ಲವೇ?

"ಅನಿಸಿತ್ತು ಸರ್" ಎಂದೆ.

ಕಾಫಿ ಅಂಗಿಯ ಮೇಲೆ ಚೆಲ್ಲುವ ಹಾಗೆ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ಸೀತಮ್ಮಕ್ಕ ಓಡಿ ಬಂದು ನನ್ನನ್ನೇ ಬೈದರು. ಕೆಮ್ಮು ನಿಂತ ಮೇಲೆ ಕಣ್ಣು ಒರೆಸಿಕೊಂಡು, "ಈಗ ನನ್ನ ಮರುಪರೀಕ್ಷೆ ತಗೋ. ವರ್ಷ ಆಯ್ತಲ್ಲ" ಎಂದರು.

"ಬರೆಯಿರಿ ಸರ್."

"ಕೈ ನಡುಗ್ತದೆ, ಬಾಯಲ್ಲಿ ಹೇಳ್ತೇನೆ. ಬಿಸಿಲು ಹಿಂದಿನಿಂದ ಇದೆ, ಚೆನ್ನಾಗಿ ಕಾಣ್ತದೆ. ಕಂಡದ್ದು: ಎದುರಿಗೆ ಒಬ್ಬಳು ಕೂತಿದ್ದಾಳೆ, ಮಡಿಲಲ್ಲಿ ಕಡತದ ಚೀಲ. ಕೇಳಿದ್ದು: ಈಗ ಹೊಸಬರ ಹಾಳೆಯನ್ನೆಲ್ಲ ಅವಳೇ ತಿದ್ದುತ್ತಾಳಂತೆ, ಯಾರನ್ನೂ ಬಿಡಲ್ಲವಂತೆ. ಅನಿಸಿದ್ದು..." ಅಲ್ಲಿಗೆ ನಿಲ್ಲಿಸಿದರು. ಅಂಗಳದ ಕಡೆ ನೋಡಿದರು. "ಅನಿಸಿದ್ದು ತುಂಬ ಉಂಟು. ಅಂಕಣ ಸಾಲಲ್ಲ. ಎಂತ, ಪಾಸಾ?"

"ಪಾಸು ಸರ್."

"ಸಹಿ?"

ಅವರ ಅಂಗೈಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಕೆಂಪು ಪೆನ್ನಿನಿಂದ ನನ್ನ ಹೆಸರು ಬರೆದೆ. ಅಂಗೈ ಎತ್ತಿ ಬಿಸಿಲಿಗೆ ಹಿಡಿದು, ಸಹಿಯವರೆಗೂ ಓದಿದರು.

ಬಸ್ಸಿಗೆ ಬಿಡಲು ಬರಬೇಡಿ ಎಂದರೂ ಕೇಳದೆ, ಕೊಡೆ ಊರಿಕೊಂಡು ರಸ್ತೆವರೆಗೆ ಬಂದರು. ಬಸ್ ಹತ್ತಿ ಹಿಂದಿನ ಗಾಜಿನಿಂದ ನೋಡಿದೆ. ವಿದ್ಯುತ್ ಕಂಬದ ಪಕ್ಕ ನಿಂತಿದ್ದರು. ಬಲಗೈ ಮುಷ್ಟಿ ಕಟ್ಟಿತ್ತು, ಶಾಯಿ ಅಳಿಸದ ಹಾಗೆ ಹಿಡಿದಿದ್ದರು ಎಂದು ಬರೆಯುತ್ತಿದ್ದೆ, ಹೊಡೆದು ಹಾಕಿದ್ದೇನೆ. ಮುಷ್ಟಿ ಕಟ್ಟಿತ್ತು, ಅಷ್ಟೇ. ತಿರುವಿನಲ್ಲಿ ಮರ ಅಡ್ಡ ಬರುವವರೆಗೂ ಅವರು ಅಲ್ಲೇ ನಿಂತಿದ್ದರು.

ಆ ಮಳೆಗಾಲ ಅವರು ಹೋದರು. ಕೆಲಸದ ಮೇಲೆ ಈಗಲೂ ತಿತಿಮತಿ ಕಡೆಗೆ ಹೋಗುತ್ತಿರುತ್ತೇನೆ. ಆ ತಿರುವು ಬಂದಾಗ ಕುತ್ತಿಗೆ ತಾನಾಗಿ ಕಿಟಕಿಯ ಕಡೆ ತಿರುಗುತ್ತದೆ. ಮೊನ್ನೆಯೂ ತಿರುಗಿತು. ಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ಕಂಬ ಇತ್ತು. ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ಕಂಡದ್ದು ಇಷ್ಟೇ.